ಕಾರ್ಮಿಕ ಸಚಿವರಿಗೆ: ಟೂಲ್ ಕಿಟ್ ಜೊತೆ ಅರ್ಧ ಗಂಟೆ ಪಾಠವನ್ನೂ ಕೊಡಿ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು ತುಮಕೂರಿನ ಒಬ್ಬ ಮರಗೆಲಸದವನು. ಇಪ್ಪತ್ತೆರಡು ವರ್ಷದಿಂದ ಬಾಗಿಲು, ಕಿಟಕಿ, ವಾರ್ಡ್‌ರೋಬ್ ಮಾಡಿಕೊಂಡಿದ್ದೇನೆ. ಹೋದ ವರ್ಷ ಒಂದು ಸೈಟಿನಲ್ಲಿ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಹುಡುಗ ಕಟರ್‌ನಲ್ಲಿ ಪ್ಲೈವುಡ್ ಕೊಯ್ಯುತ್ತಿದ್ದ. ಕರೆಂಟ್ ಹೋಯಿತು. ಮಷಿನ್ ನಿಂತಿತಲ್ಲ ಅಂತ ಹಲಗೆ ಮೇಲಿಟ್ಟು ಪಕ್ಕದಲ್ಲೇ ಟೀ ಕುಡಿಯುತ್ತಾ ಕೂತ. ಬೆರಳು ಬಿಟ್ಟರೂ ಮಷಿನ್ ಓಡುತ್ತಲೇ ಇರಲಿ ಅಂತ ಹಾಕುವ ಸ್ವಿಚ್ಚಿನ ಲಾಕ್ ಬಟನ್ ಹಾಕಿದ್ದು ಹಾಗೇ ಇತ್ತು, ಪ್ಲಗ್ಗೂ ತೆಗೆದಿರಲಿಲ್ಲ. ಐದು ನಿಮಿಷಕ್ಕೆ ಕರೆಂಟ್ ಬಂತು. ಮಷಿನ್ ತನ್ನಷ್ಟಕ್ಕೆ ತಾನೇ ಹಲಗೆ ಮೇಲೆ ಓಡಿ ಅವನ ಮೊಣಕಾಲ ಕೆಳಗೆ ಬಿತ್ತು. ಹದಿನಾಲ್ಕು ಹೊಲಿಗೆ.

ತಪ್ಪು ಅವನದಲ್ಲ, ಹೇಳಿಕೊಡದ ನನ್ನದು. ಆದರೆ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಉಳಿ, ಬಾಚಿ ಹಿಡಿಯುವುದನ್ನು ಅಪ್ಪ ಕಲಿಸಿದರು. ಮಷಿನ್ ತಂದಾಗ ಅಂಗಡಿಯವನು ಬಿಲ್ ಕೊಟ್ಟ, ಅಷ್ಟೇ.

ಆಯುಧಪೂಜೆಗೆ ಅಂಗಡಿ ಗುಡಿಸುವಾಗ ಮೂಲೆಯಲ್ಲಿ ಗ್ರೈಂಡರ್ ಗಾರ್ಡ್‌ಗಳು, ಅಂದರೆ ಬ್ಲೇಡಿನಿಂದ ಕಾಯುವ ತಗಡಿನ ಮುಚ್ಚಳಗಳು, ಸಿಗುತ್ತವೆ. ಒಂದೊಂದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತೆ. ನಾಲ್ಕಿಂಚಿನ ಗ್ರೈಂಡರಿಗೆ ಐದಿಂಚಿನ ಬ್ಲೇಡ್ ಹಾಕಬೇಕಲ್ಲ, ಅದಕ್ಕೆ ಗಾರ್ಡ್ ಅಡ್ಡ. ಬಿಚ್ಚಿ ಎಸೆಯುತ್ತಾರೆ. ಕಬ್ಬಿಣ ಕೊಯ್ಯುವ ಮಷಿನ್ನಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್! ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ, ಅಂದರೆ ಸೆಕೆಂಡಿಗೆ 180ಕ್ಕೂ ಜಾಸ್ತಿ. ಮರದ ಗಂಟಿನಲ್ಲಿ ಬ್ಲೇಡ್ ಕಚ್ಚಿಕೊಂಡರೆ ಮಷಿನ್ ಕೈ ಮೀರಿ ಎದೆ ಕಡೆಗೇ ಎಗರುತ್ತೆ.

ಇನ್ನು ಕರೆಂಟಿನ ವಿಷಯ. ಹೊಸ ಮನೆ ಕಟ್ಟುವ ಕಡೆ ಒಮ್ಮೆ ಇಣುಕಿ ನೋಡಿ. ಟೆಂಪರರಿ ಮೀಟರಿನಿಂದ ಎಳೆದ ವೈರು, ನಾಲ್ಕು ಕಡೆ ಜಾಯಿಂಟು, ಕ್ಯೂರಿಂಗ್ ನೀರಿನ ಮೇಲೇ ಹಾದುಹೋಗಿರುತ್ತೆ. ಪ್ಲಗ್ ಇಲ್ಲ. ಬರಿ ವೈರನ್ನು ಸಾಕೆಟ್ ತೂತಿಗೆ ತುರುಕಿ, ಬಿದ್ದುಹೋಗದಂತೆ ಬೆಂಕಿಕಡ್ಡಿ ಚುಚ್ಚಿರುತ್ತಾರೆ. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು) ಇದೆಯಲ್ಲ ಅನ್ನುತ್ತಾರೆ. 16 ಆಂಪ್ಸ್ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಒಂದು ಆಂಪಿಯರ್‌ನ ಹತ್ತನೇ ಒಂದು ಭಾಗ ಎದೆಯ ಮೂಲಕ ಹಾದರೂ ಜೀವ ಹೋಗಬಹುದು. ಮನುಷ್ಯನನ್ನು ಕಾಯುವುದು 30 ಮಿಲಿಆಂಪ್ಸಿನ ಆರ್‌ಸಿಸಿಬಿ. ನಮ್ಮ ಕಡೆ ಈಗಲೂ ಇಎಲ್‌ಸಿಬಿ ಅಂತಲೇ ಕರೆಯುತ್ತಾರೆ. ಹೋದ ಕರೆಂಟು ಅಷ್ಟೇ ವಾಪಸ್ ಬರ್ತಿದೆಯಾ ಅಂತ ಅದು ನೋಡುತ್ತಾ ಇರುತ್ತೆ. ಎಲ್ಲೋ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಟ್ರಿಪ್ ಆಗಿ ಕರೆಂಟ್ ಕಡಿಯುತ್ತೆ. ಅರ್ಥಿಂಗ್ ಇಲ್ಲದ ಸೈಟಿನಲ್ಲಂತೂ ಅದೇ ದಿಕ್ಕು. ಬೆಲೆ ಎರಡು ಸಾವಿರದ ಆಸುಪಾಸು.

ಕಟ್ಟಡದ ಖರ್ಚಿನ ಮೇಲೆ 1% ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುತ್ತೆ. ಮಂಡಳಿಯ ಟೂಲ್ ಕಿಟ್ ಇದೆ. ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯಲ್ಲೂ 2023ರಿಂದ ಬಡಗಿಗಳಿಗೆ 15,000 ರೂಪಾಯಿಯ ಟೂಲ್ ಕಿಟ್ ವೋಚರ್ ಇದೆ. ಒಳ್ಳೇದೇ. ನಾನು ಕೇಳುವುದು ಜಾಸ್ತಿ ಏನಲ್ಲ. ನಿಮ್ಮ ಪ್ರತಿ ಕಿಟ್ಟಿನಲ್ಲೂ ಆರ್‌ಸಿಸಿಬಿ ಕೂರಿಸಿದ ಒಂದು ಎಕ್ಸ್‌ಟೆನ್ಷನ್ ಬೋರ್ಡ್, ಕಿಡಿ ತಡೆಯುವ ಕನ್ನಡಕ ಇರಲಿ. ಸೈಟಿಗೆ ಟೆಂಪರರಿ ಕನೆಕ್ಷನ್ ಕೊಟ್ಟ ಕೂಡಲೇ ಲೈನ್‌ಮನ್ ಅಲ್ಲಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುವಂತೆ ಇಂಧನ ಇಲಾಖೆಯವರ ಹತ್ತಿರ ಮಾತಾಡಿ.

ಕಿಟ್ ಹಂಚುವ ದಿನ ವೇದಿಕೆ ಮೇಲೆ ಭಾಷಣ ಅರ್ಧ ಗಂಟೆ ಕಮ್ಮಿ ಮಾಡಿಸಿ, ಬೇಜಾರು ಮಾಡಿಕೊಳ್ಳಬೇಡಿ. ಆ ಹೊತ್ತಿನಲ್ಲಿ ಅನುಭವಿ ಮೇಸ್ತ್ರಿಯೊಬ್ಬರು ಮಷಿನ್ ಹಿಡಿದು ತೋರಿಸಲಿ. ಬ್ಲೇಡ್ ಬದಲಿಸುವ ಮೊದಲು ಪ್ಲಗ್ ಕೀಳುವುದು, ಕರೆಂಟ್ ಹೋದಾಗ ಲಾಕ್ ಬಿಡಿಸುವುದು, ಡಿಸ್ಕ್ ಮೇಲೆ ಅಚ್ಚಾದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ), ಎಕ್ಸ್‌ಪೈರಿ ಓದುವುದು. ಹೌದು, ಕಟಿಂಗ್ ಡಿಸ್ಕಿಗೂ ಎಕ್ಸ್‌ಪೈರಿ ಇರುತ್ತೆ. ಮಧ್ಯದ ತಗಡಿನ ಬಳೆ ಮೇಲೆ ನೋಡಿ.

ಒಂದು ಮಾತು, ಎಲ್ಲರಿಗೂ ಸುಮ್ನೆ ಬಟ್ಟೆ ಗ್ಲೌಸ್ ಹಂಚಿ ಫೋಟೋ ತೆಗೆಸಿಬಿಡಬೇಡಿ. ಡ್ರಿಲ್ ಬಿಟ್ಟಿಗೆ ಗ್ಲೌಸಿನ ದಾರ ಸಿಕ್ಕಿಕೊಂಡರೆ ಬೆರಳನ್ನೂ ಸುತ್ತಿಕೊಂಡು ಹೋಗುತ್ತೆ. ಹೆಗಲ ಮೇಲಿನ ಟವೆಲ್ಲೂ ಅಷ್ಟೇ.

ನಮ್ಮ ಹುಡುಗ ಈಗ ಕೆಲಸಕ್ಕೆ ಬರುತ್ತಿದ್ದಾನೆ. ಕರೆಂಟ್ ಹೋದ ತಕ್ಷಣ ಮೊದಲು ಪ್ಲಗ್ ಕಿತ್ತು, ಆಮೇಲೆ ಟೀ ಲೋಟ ಮುಟ್ಟುತ್ತಾನೆ. ನಮ್ಮ ಸೈಟಿಗೆ ಯಾವತ್ತು ಬೇಕಾದರೂ ಬನ್ನಿ ಸಾರ್, ಅಮಾವಾಸ್ಯೆ ಒಂದು ಬಿಟ್ಟು. ಅವತ್ತು ಕೆಲಸ ಇರಲ್ಲ.

ಇಂತಿ,
ಒಬ್ಬ ಮರಗೆಲಸದವನು, ತುಮಕೂರು