ಅಳೆದು ಬರೆದಿಟ್ಟವರಿಗೆ

ಹೋದ ತಿಂಗಳು ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ನರ್ಸಿಂಗ್ ಓದಿ, 2003ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಸಂಶೋಧನಾ ಘಟಕದಲ್ಲಿ ಮಕ್ಕಳ ಎತ್ತರ, ತೂಕ ಅಳೆಯುವ ಕೆಲಸಕ್ಕೆ ಸೇರಿದವಳು ನಾನು. ಅದೇ ಅಳತೆಗಳ ಮೇಲೆ ಪ್ರಬಂಧ ಬರೆದು ಪರೀಕ್ಷಕರ ಮುಂದೆ ಕೂರುವ ತನಕ ನನ್ನನ್ನು ನಡೆಸಿಕೊಂಡು ಬಂದವರು ಹಲವರು. ಅವರನ್ನು ನೆನೆಯದೆ ಈ ಪದವಿಯನ್ನು ಹೆಸರಿನ ಮುಂದೆ ಬರೆದುಕೊಳ್ಳಲು ಮನಸ್ಸು ಬಾರದು.

ಮೊದಲ ನಮಸ್ಕಾರ, ನಾನು ಕಂಡೇ ಇರದ ದಾದಿಯರಿಗೆ. ಊರಿನವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಇಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಡುವ ಪದ್ಧತಿಯಿತ್ತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನಲ್ಲಿ 1911ರಿಂದ ಬರೆದಿಟ್ಟಿದ್ದ ಇಂಥದೇ ದಾಖಲೆಗಳನ್ನು ಹಿಡಿದು, ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚು ಎಂದು ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬಾರ್ಕರ್ ಮತ್ತು ಅವರ ಸಂಗಡಿಗರು ತೋರಿಸಿದ್ದರು. ಆ ಮಾತು ಭಾರತದಲ್ಲೂ ನಿಲ್ಲುವುದೇ ಎಂದು ನೋಡಬೇಕಾದರೆ ಹಳೆಯ ದಾಖಲೆ ಬೇಕಿತ್ತು. ಮೈಸೂರಿನಲ್ಲಿ ಅದು ಇತ್ತು. 1934ರಿಂದ 1954ರ ನಡುವೆ ಇಲ್ಲಿ ಹುಟ್ಟಿದ 517 ಮಂದಿಯನ್ನು ಪರೀಕ್ಷಿಸಿ 1996ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ ಮೂವರಿಗೆ. ರಾತ್ರಿ ಪಾಳಿಯಲ್ಲಿ ಕೂಸನ್ನು ತಕ್ಕಡಿಗೆ ಹಾಕಿ ಶಾಯಿಯಲ್ಲಿ ಅಂಕಿ ಬರೆದ ಆ ಹೆಣ್ಣುಮಕ್ಕಳಿಗೆ ತಾವು ಸಂಶೋಧನೆ ಮಾಡುತ್ತಿದ್ದೇವೆಂಬ ಅರಿವಿರಲಿಲ್ಲ. ನನ್ನ ಮಟ್ಟಿಗೆ ಈ ಘಟಕದ ಮೊದಲ ಸಂಶೋಧಕರು ಅವರೇ.

ಸೌತಾಂಪ್ಟನ್ನಿನಿಂದ ಬಂದು ಇಲ್ಲಿನವರ ಜೊತೆ ಸೇರಿ ಈ ಅಧ್ಯಯನಗಳನ್ನು ನಡೆಸಿದ ಡಾ. ಕ್ಯಾರೊಲೈನ್ ಫಾಲ್ ಅವರಿಗೂ ಸೌತಾಂಪ್ಟನ್ನಿನ ಉಳಿದ ಗುರುಗಳಿಗೂ ನಾನು ಋಣಿ. ವಿದೇಶಿ ವಿಶ್ವವಿದ್ಯಾಲಯದ ಜೊತೆ ಕೆಲಸವೆಂದರೆ ಇಲ್ಲಿನ ರಕ್ತದ ಮಾದರಿಗಳು ಐಸ್ ಪೆಟ್ಟಿಗೆಯಲ್ಲಿ ಹಡಗನ್ನೋ ವಿಮಾನವನ್ನೋ ಏರಿ ಹೋಗುವುದು, ಇಲ್ಲಿ ದುಡಿದವರ ಹೆಸರು ಲೇಖನದ ಕೊನೆಯ ಸಾಲಿಗೆ ಸೇರುವುದು ಎಂದು ಬೇರೆಡೆ ಕೆಲಸ ಮಾಡಿದ ಗೆಳತಿಯರು ನೊಂದು ಹೇಳಿದ್ದನ್ನು ಕೇಳಿದ್ದೇನೆ. ನನಗೆ ಸಿಕ್ಕ ಪಾಠ ಬೇರೆ ರೀತಿಯದು. ಕ್ಯಾಲಿಪರ್ ಎಂಬ ಇಕ್ಕಳದಂಥ ಅಳತೆಯ ಸಾಧನದಲ್ಲಿ ಮಗುವಿನ ತೋಳಿನ ಚರ್ಮದ ಮಡಿಕೆಯನ್ನು ಹಿಡಿದು ಅಳೆಯುವುದು ನೋಡಲು ಸುಲಭ. ಆದರೆ ಒಂದೇ ಮಗುವನ್ನು ಇಬ್ಬರು, ಒಬ್ಬರ ಅಂಕಿ ಇನ್ನೊಬ್ಬರಿಗೆ ತಿಳಿಯದಂತೆ ಅಳೆದಾಗ ನನ್ನ ಅಂಕಿ ಸದಾ ತುಸು ಹೆಚ್ಚೇ ಬರುತ್ತಿತ್ತು. ಯಾರೂ ಬೈಯಲಿಲ್ಲ. ಬೆರಳು ಎಲ್ಲಿ ತಪ್ಪುತ್ತಿದೆ ಎಂದು ನಾನೇ ಕಂಡುಕೊಳ್ಳುವವರೆಗೆ ಪಕ್ಕದಲ್ಲಿ ನಿಂತರು. ವರ್ಷಗಳಾದ ಮೇಲೆ ಅದೇ ತಾಳ್ಮೆಯಿಂದ ಅಂಕಿಅಂಶಗಳ ವಿಶ್ಲೇಷಣೆಯನ್ನು ಕಲಿಸಿ, ನನ್ನ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳಲು ಬಿಟ್ಟರು. ಮೈಸೂರಿನ ನಮ್ಮ ಹಿರಿಯ ವೈದ್ಯರು ಪ್ರತಿ ಅಧ್ಯಾಯವನ್ನೂ ಓದಿ ತಿದ್ದಿದರು.

ಇವರೆಲ್ಲರಿಗಿಂತ ದೊಡ್ಡ ಋಣ ತಾಯಂದಿರದು. ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುವ ನಮ್ಮ ಘಟಕದ ಪಾರ್ಥೆನಾನ್ ಅಧ್ಯಯನಕ್ಕೆ 1997 ಮತ್ತು 1998ರಲ್ಲಿ ಸೇರಿದ 830 ಗರ್ಭಿಣಿಯರಲ್ಲಿ ಬಹುಪಾಲು ಮಂದಿ ಖಾಲಿ ಹೊಟ್ಟೆಯಲ್ಲಿ ಬಂದು, ಗ್ಲುಕೋಸ್ ನೀರು ಕುಡಿದು, ಗಂಟೆಗಟ್ಟಲೆ ಕಾದು ಮತ್ತೆ ಮತ್ತೆ ರಕ್ತ ಕೊಟ್ಟರು. ಪರೀಕ್ಷೆಯಾದವರಲ್ಲಿ ನೂರಕ್ಕೆ ಆರು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆಯಿದ್ದದ್ದು ತಿಳಿದದ್ದು ಹಾಗೆ. ಅಂಥ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೆಯ ವರ್ಷಕ್ಕೇ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿರುವುದು ಗೊತ್ತಾದದ್ದೂ ಅವರು ಮಕ್ಕಳನ್ನು ತಪ್ಪದೆ ಕರೆತಂದದ್ದರಿಂದ. "ನನ್ನ ಮಗ ಚೆನ್ನಾಗಿಯೇ ಇದಾನಲ್ಲ ಸಿಸ್ಟರ್, ಇಷ್ಟೆಲ್ಲ ಅಳೆದು ಏನು ಮಾಡ್ತೀರಿ?" ಎಂದು ಒಬ್ಬ ತಾಯಿ ಕೇಳಿದಾಗ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ. ಆದರೂ ಆಕೆ ಆರು ತಿಂಗಳಿಗೊಮ್ಮೆ ಬರುವುದನ್ನು ಬಿಡಲಿಲ್ಲ. ಒಪ್ಪಿಗೆ ಪತ್ರವನ್ನು ಓದಿ ಹೇಳುವುದಕ್ಕೂ ಅರ್ಥವಾಗುವಂತೆ ಹೇಳುವುದಕ್ಕೂ ಇರುವ ಅಂತರವನ್ನು ನಾನು ಕಲಿತದ್ದು ಆಕೆಯಿಂದ.

ಹದಿಹರೆಯದವರ ಆಹಾರ ಕುರಿತ ಟ್ಯಾಲೆಂಟ್ ಯೋಜನೆಯಲ್ಲಿ ಮೈಸೂರಿನ ಜೊತೆಗೆ ಪುಣೆ, ಮುಂಬೈ, ಇಥಿಯೋಪಿಯಾದ ಜಿಮ್ಮಾ, ಗ್ಯಾಂಬಿಯಾದ ಕೆನೆಬಾ, ದಕ್ಷಿಣ ಆಫ್ರಿಕಾದ ಸೊವೆಟೊಗಳ ತಂಡಗಳೂ ಇದ್ದವು. ಅಲ್ಲಿನ ಸಹೋದ್ಯೋಗಿಗಳಿಗೂ ವಂದನೆಗಳು. ಯೋಜನೆಯ ಹಣ ಮುಗಿದೊಡನೆ ಪಳಗಿದ ಕೈಗಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತವೆ. ಇದು ಇಂಥ ಕೇಂದ್ರಗಳೆಲ್ಲವನ್ನೂ ಕಾಡುವ ನೋವು. ನನ್ನೊಡನೆ ಸೇರಿ, ನನಗಿಂತ ನಿಖರವಾಗಿ ಅಳೆಯುತ್ತಿದ್ದ ಇಬ್ಬರು ಹಾಗೆಯೇ ಹೋದರು. ಈ ಪದವಿಯಲ್ಲಿ ಅವರ ಪಾಲೂ ಇದೆ.

ಅಂದಿನ ಮಕ್ಕಳೇ, ನೀವೀಗ ದುಡಿಯುವ ವಯಸ್ಸಿನವರು. ನಿಮ್ಮ ಅಳತೆಗಳಿಂದ ನಾನು ತಿಳಿದುಕೊಂಡದ್ದನ್ನು ಕನ್ನಡದಲ್ಲಿ ಎಂಟು ಪುಟಕ್ಕೆ ಇಳಿಸಿದ್ದೇನೆ. ಮುಂದಿನ ಸಲ ಘಟಕಕ್ಕೆ ಬಂದಾಗ ಅದನ್ನು ನಿಮ್ಮ ಕೈಗಿಟ್ಟು, ನಿಮ್ಮ ಅಮ್ಮಂದಿರ ಜೊತೆ ಕೂತು ವಿವರಿಸುತ್ತೇನೆ.