ಭಾನುವಾರದ ಚರ್ಚೆ: ಸೇಲಂ, 1692

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಅಮೆರಿಕದ ಸೇಲಂ ಮಾಟಗಾತಿ ವಿಚಾರಣೆಗಳ ಬಗ್ಗೆ ಮಾತಾಡೋಣ. ಅಲ್ಲಿ ಮಾಟಗಾತಿಯರನ್ನು ಸುಟ್ಟರು ಎನ್ನುವ, ನಿನ್ನೆ ಬಂದ ಫಾರ್ವರ್ಡ್ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಅಲ್ಲಿ ಯಾರನ್ನೂ ಸುಟ್ಟಿಲ್ಲ. ನೇಣಿಗೇರಿಸಿದ್ದು 19 ಜನರನ್ನು, ಅದರಲ್ಲಿ 14 ಹೆಂಗಸರು.

ರೆಬೆಕಾ ನರ್ಸ್ (ನರ್ಸ್ ಎಂಬುದು ಮನೆತನದ ಹೆಸರು) ಪ್ರಕರಣವನ್ನಾದರೂ ಓದಿಕೊಂಡು ಬನ್ನಿ. 71ರ ಅಜ್ಜಿ. ಜ್ಯೂರಿ ಮೊದಲು ನಿರ್ದೋಷಿ ಎಂದೇ ಹೇಳಿತ್ತು. ನ್ಯಾಯಾಧೀಶರು ಇನ್ನೊಮ್ಮೆ ಯೋಚಿಸಿ ಅಂದರು. ಆಕೆ ಆಡಿದ್ದ ಒಂದು ಮಾತಿನ ಅರ್ಥವೇನೆಂದು ಜ್ಯೂರಿಯವರು ಆಕೆಯನ್ನೇ ಕೇಳಿದರು. ಅಜ್ಜಿಗೆ ಕಿವಿ ಮಂದ, ಉತ್ತರ ಬರಲಿಲ್ಲ. ಅದನ್ನೇ ಹಿಡಿದು ದೋಷಿ ಎಂದರು, ಜುಲೈ 19ಕ್ಕೆ ನೇಣು. ‘ಹೌದು, ನಾನು ಮಾಟಗಾತಿ’ ಎಂದು ಒಪ್ಪಿಕೊಂಡವರೋ, ಬಹುಪಾಲು ಬದುಕಿಕೊಂಡರು!

ಚರ್ಚೆಯಲ್ಲಿ ಅತ್ತೆ-ಸೊಸೆ ಜೋಕು ಬೇಡ.