ಶಿವಮೊಗ್ಗಕ್ಕೆ ಚಿಕಿತ್ಸಾ ವಸತಿ ಶಾಲೆ ಬೇಕು

ಮಾನ್ಯರೆ,

ಕಲಿಕಾ ನ್ಯೂನತೆಯ ಜೊತೆಗೆ ಖಿನ್ನತೆ, ಆತಂಕದಿಂದಲೂ ಬಳಲುವ ಮಕ್ಕಳನ್ನು ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ಯಲು 300 ಕಿ.ಮೀ.ಗೂ ಹೆಚ್ಚು ದೂರ. ಅಲ್ಲಿ ಚಿಕಿತ್ಸೆಯೇನೋ ಸಿಗುತ್ತದೆ. ಊರಿಗೆ ಮರಳಿದ ಮೇಲೆ ಓದು? ಶಾಲೆಯಲ್ಲಿ ‘ಸೋಮಾರಿ’ ಎನ್ನುತ್ತಾರೆ, ನೆಂಟರು ‘ಗಾಳಿ ಸೋಕಿದೆ’ ಎನ್ನುತ್ತಾರೆ. ಮಗು ಮನೆಯ ಮೂಲೆ ಸೇರುತ್ತದೆ. ಇದು ಅನ್ಯಾಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಎರಡೂ ಸೇರಿವೆ. ಮನೋವೈದ್ಯರು, ವಿಶೇಷ ಶಿಕ್ಷಕರು, ಆಪ್ತ ಸಮಾಲೋಚಕರು ಒಂದೇ ಆವರಣದಲ್ಲಿರುವ ವಸತಿ ಶಾಲೆಯನ್ನು ಸರ್ಕಾರ ಶಿವಮೊಗ್ಗದಲ್ಲಿ ತೆರೆಯಲಿ. ಅದು ಮಕ್ಕಳನ್ನು ಕೂಡಿಹಾಕುವ ಜಾಗವಾಗಬಾರದು. ಹೆತ್ತವರು ವಾರವಾರ ಬಂದುಹೋಗುವಂತಿರಬೇಕು, ಚೇತರಿಸಿಕೊಂಡವರು ತಮ್ಮೂರಿನ ಶಾಲೆಗೇ ಮರಳುವಂತಿರಬೇಕು.

– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ